ಹೆಸರು ಒಂದು, ನಾಲಿಗೆ ಎರಡು!

ಅಜ್ಜಿಯಾಗುವ ಸಂಭ್ರಮದಲ್ಲಿರುವ ಗೆಳತಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ಮಗಳು ಇರೋದು ಪ್ಯಾರಿಸ್ಸಿನಲ್ಲಿ, ಅಳಿಯ ಅಲ್ಲಿಯವನೇ. ಹುಟ್ಟೋದು ಹೆಣ್ಣುಮಗು ಅಂತ ಅಲ್ಲಿನ ಡಾಕ್ಟರ್ ಹೇಳಿಯೂ ಆಗಿದೆ. ಆದರೂ ಗೆಳತಿಯ ದನಿಯಲ್ಲಿ ಏನೋ ಚಿಂತೆ.

‘ಹೆಸರು ಫ್ರೆಂಚೇ ಇರಲಿ ಅಂತಾರೆ ಬೀಗರು. ಇವರಿಬ್ಬರೂ ಮುಂದಿನ ವರ್ಷ ಲಂಡನ್ನಿಗೆ ಹೋಗೋರು. ಅಲ್ಲಿಯವರ ಬಾಯಲ್ಲೂ ಅದು ಸರಿಯಾಗಿ ಬರಬೇಕಲ್ಲ ಕಣೇ?’

ಚಿಂತೆಗೆ ಕಾರಣವೂ ಇತ್ತು. ಮಗಳ ಹೆಸರು ‘ಹ’ಕಾರದಿಂದ ಶುರುವಾಗುತ್ತೆ. ಫ್ರೆಂಚರಿಗೆ ‘ಹ’ ಹೊರಡೋದೇ ಇಲ್ಲ, ನುಂಗಿಬಿಡುತ್ತಾರೆ. ಆರು ವರ್ಷ ತಿದ್ದಿ ತಿದ್ದಿ ಅವಳೀಗ ಸುಮ್ಮನಾಗಿದ್ದಾಳೆ. ‘ದಿನಾ ಹೆಸರು ತಿದ್ದೋ ಕೆಲಸ ನನ್ನ ಮಗಳಿಗೆ ಬೇಡಮ್ಮ’ ಅಂದಳಂತೆ.

ನಿಮ್ಮ ಮಗಳೋ ಸೊಸೆಯೋ ಇಂಥದೇ ಗೊಂದಲದಲ್ಲಿದ್ದಾರಾ? ಹಾಗಿದ್ದರೆ ಇದು ನಿಮಗಾಗಿ.

ಕನ್ನಡದಲ್ಲಿ ಬರೆದು ನೋಡಿ

ಫ್ರೆಂಚರು, ಇಂಗ್ಲಿಷರು ಬರೆಯೋದು ಒಂದೇ ಎಬಿಸಿಡಿ. ಆದರೆ ಓದೋದು ಬೇರೆ ಬೇರೆ. ನಾವೋ, ಉಚ್ಚರಿಸಿದಂತೆ ಬರೆಯುವವರು. ಹಾಗಾಗಿ ಪಟ್ಟಿಯಲ್ಲಿರುವ ಪ್ರತಿ ಹೆಸರನ್ನೂ ಫ್ರೆಂಚರು ಹೇಳುವಂತೆ ಒಮ್ಮೆ, ಇಂಗ್ಲಿಷರು ಹೇಳುವಂತೆ ಒಮ್ಮೆ ಕನ್ನಡದಲ್ಲಿ ಬರೆದುಕೊಳ್ಳಿ. ಎರಡೂ ಹತ್ತಿರ ಬಂದರೆ ಆ ಹೆಸರು ಪಾಸ್!

ಕ್ಲೇರ್ ಎರಡೂ ಕಡೆ ಕ್ಲೇರ್. ರೋಜ್ ಎರಡೂ ಕಡೆ ರೋಜ್, ಅರ್ಥವೂ ಒಂದೇ. ಸೆಲೀನ್, ಸೋಫಿ, ಲೂಯೀಜ್ ಕೂಡ ಹೆಚ್ಚು ಬದಲಾಗೋದಿಲ್ಲ. ಎಮ್ಮಾ ಅಂತೂ ಎರಡೂ ಕಡೆ ಬಹಳ ಜನಪ್ರಿಯ. (ನಮ್ಮ ಕಡೆ ‘ಎಮ್ಮೆ’ ಅಂತ ರೇಗಿಸಿಯಾರು, ಅದು ಬೇರೆ ಮಾತು!)

ಇನ್ನು ಕೆಲವು ಸ್ವಲ್ಪ ಬದಲಾಗುತ್ತವೆ. ಫ್ರೆಂಚರ ಅಲೀಸ್ ಇಂಗ್ಲಿಷರ ಬಾಯಲ್ಲಿ ಆ್ಯಲಿಸ್. ಫ್ರೆಂಚರ ‘ಟಿ’ ಅಕ್ಷರ ನಮ್ಮ ‘ತ’ದಂತೆ, ಇಂಗ್ಲಿಷರದು ನಮ್ಮ ಕಿವಿಗೆ ‘ಟ’. ಆದ್ದರಿಂದ ಶಾರ್ಲೊತ್ ಇಲ್ಲಿ ಶಾರ್ಲಟ್ ಆಗುತ್ತಾಳೆ, ಝುಲ್ಯೆತ್ ಜೂಲಿಯೆಟ್ ಆಗುತ್ತಾಳೆ. ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಡಿ. ಯಾರು ಕರೆದರೂ ಮಗು ತಿರುಗಿ ನೋಡುತ್ತೆ.

ತೊಂದರೆ ಇರೋದು ಪೂರ್ತಿ ಬೇರೆಯಾಗುವ ಹೆಸರುಗಳಲ್ಲಿ. ಆ್ಯಗ್ನೆಸ್ ಗೊತ್ತಲ್ಲ? ಫ್ರೆಂಚಿನಲ್ಲಿ ಅದು ‘ಅನ್ಯೆಸ್’. ಇಂಗ್ಲಿಷರ ಕಮೀಲ್ ಫ್ರೆಂಚರಿಗೆ ‘ಕಮೀಯ್’. ಮನೋಂ ಅನ್ನುವ ಮುದ್ದಾದ ಹೆಸರಿನ ಕೊನೆಯನ್ನು ಫ್ರೆಂಚರು ಮೂಗಿನಲ್ಲಿ ಹೇಳುತ್ತಾರೆ, ಇಂಗ್ಲಿಷರು ‘ಮ್ಯಾನನ್’ ಮಾಡಿಬಿಡುತ್ತಾರೆ. ಮಗು ಎರಡೆರಡು ಹೆಸರು ಹೊತ್ತು ಓಡಾಡಬೇಕಾಗುತ್ತೆ.

ಓದೋದು ಹೇಗೆ?

ಕೇಳೋಕೆ ಚೆನ್ನಾಗಿದ್ದರೆ ಸಾಲದು. ಸ್ಕೂಲಿನಲ್ಲಿ ಹಾಜರಿ ಕೂಗುವ ಟೀಚರ್ ಅದನ್ನು ಓದಿ ಹೇಳಬೇಕು. ‘ಮಾರ್ಗೋ’ ಹೆಸರನ್ನೇ ತಗೊಳ್ಳಿ. ಕೊನೆಗೆ ‘ಟಿ’ ಹಾಕಿ ಬರೆಯುವ ಕ್ರಮ ಇಂಗ್ಲಿಷರಿಗೂ ಗೊತ್ತು. ಆ ‘ಟಿ’ಯನ್ನು ಇಬ್ಬರೂ ಉಚ್ಚರಿಸೋದಿಲ್ಲ. ಆದರೆ ‘ಎಯುಎಕ್ಸ್’ ಹಾಕಿ ಬರೆದಿರೋ, ಇಂಗ್ಲಿಷ್ ಟೀಚರ್ ತಡವರಿಸೋದು ಗ್ಯಾರಂಟಿ.

ಕ್ಲೊಯೆ, ಜೊಯೆ, ಸೆಲೀನ್ ಹೆಸರುಗಳಲ್ಲಿ ಫ್ರೆಂಚರು ‘ಇ’ ಅಕ್ಷರದ ನೆತ್ತಿಯ ಮೇಲೆ ಒಂದು ಗೀಟು ಎಳೆಯುತ್ತಾರೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತಲ್ಲ, ಅಲ್ಲಿ ಈ ಗೀಟುಗಳಿಗೆ ಜಾಗವೇ ಇಲ್ಲ. ಆದ್ದರಿಂದ ಗೀಟು ತೆಗೆದು ಬರೆದು ನೋಡಿ. ಆಗಲೂ ಹೆಸರು ಹೆಸರಾಗಿಯೇ ಉಳಿದರೆ ಚಿಂತೆಯಿಲ್ಲ.

ಹುಡುಗನೋ, ಹುಡುಗಿಯೋ?

ಇಂಗ್ಲಿಷರಲ್ಲಿ ‘ಜೀನ್’ ಹುಡುಗಿಯ ಹೆಸರು. ಅದೇ ಅಕ್ಷರಗಳನ್ನು ಫ್ರೆಂಚಿನಲ್ಲಿ ಬರೆದರೆ ಅದು ಗಂಡು ಹೆಸರು! ಅವರಲ್ಲಿ ಹೆಣ್ಣುಮಗುವಿಗೆ ಇನ್ನೆರಡು ಅಕ್ಷರ ಸೇರಿಸಿ ‘ಝಾನ್’ ಅಂತ ಇಡುತ್ತಾರೆ. ‘ಲಾರೆನ್ಸ್’ ಇದಕ್ಕೆ ಪೂರ್ತಿ ಉಲ್ಟಾ. ಫ್ರೆಂಚರಿಗೆ ಹೆಣ್ಣು, ಇಂಗ್ಲಿಷರಿಗೆ ಗಂಡು. ‘ಕಮೀಯ್’ ಫ್ರಾನ್ಸಿನಲ್ಲಿ ಇಬ್ಬರಿಗೂ ಇಡುವ ಹೆಸರು. ಹೆಸರಾಂತ ಚಿತ್ರಕಾರ ಪಿಸಾರೋ ಅವರದೂ ಅದೇ ಹೆಸರು.

ಅರ್ಥವನ್ನೂ ವಿಚಾರಿಸಿ. ಫ್ರಾನ್ಸಿನಲ್ಲಿ ‘ಫ್ಯಾನಿ’ ಮರ್ಯಾದಸ್ಥ ಹೆಸರೇ. ಆದರೆ ಇಂಗ್ಲೆಂಡಿನ ಆಡುಮಾತಿನಲ್ಲಿ ಅದಕ್ಕೆ ಮುಜುಗರ ತರುವ ಅರ್ಥವಿದೆ. ಸ್ಕೂಲು ಮಕ್ಕಳು ಬಿಟ್ಟಾರೆಯೇ? ಕಾಲದ ಮಾತೂ ಇದೆ. ನಮಗೆ ಸೊಗಸಾಗಿ ಕೇಳಿಸುವ ಮೊನೀಕ್, ನಿಕೋಲ್ ಫ್ರಾನ್ಸಿನಲ್ಲಿ ಅಜ್ಜಿಯರ ಹೆಸರು, ನಮ್ಮ ಸರೋಜಮ್ಮ, ಸುಶೀಲಮ್ಮನ ಹಾಗೆ.

ಬರೀ ಐದೇ ದಿನ!

ನಮ್ಮಲ್ಲಿ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನಾಮಕರಣ. ಆಗದಿದ್ದರೆ ಮೂರು ತಿಂಗಳಿಗೆ ಮಾಡಿದರಾಯ್ತು ಅಂತ ‘ಪುಟ್ಟಿ’ ಅಂತಲೇ ಕರೆದುಕೊಂಡಿರುತ್ತೇವೆ. ಫ್ರಾನ್ಸಿನಲ್ಲಿ ಅದು ನಡೆಯೋದಿಲ್ಲ. ಹೆರಿಗೆಯಾದ 5 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, ಹೆಸರನ್ನೂ ಆಗಲೇ ಬರೆಸಬೇಕು. ಇಂಗ್ಲೆಂಡಿನಲ್ಲಾದರೆ ನೋಂದಣಿಗೆ 42 ದಿನ ಸಮಯವಿದೆ. ಆದ್ದರಿಂದ ಫ್ರಾನ್ಸಿನಲ್ಲಿ ಹೆರಿಗೆಯಾದರೆ ಏಳನೇ ತಿಂಗಳಿಗೇ ಪಟ್ಟಿ ಸಿದ್ಧವಿರಲಿ.

ಹಿಂದೆ ಇನ್ನೂ ಬಿಗಿ ಇತ್ತು. ಕ್ಯಾಲೆಂಡರಿನಲ್ಲಿರುವ ಹೆಸರುಗಳು, ಪ್ರಾಚೀನ ಇತಿಹಾಸದವರ ಹೆಸರುಗಳನ್ನಷ್ಟೇ ಇಡಬೇಕು ಅಂತ 1803ರಲ್ಲಿ ಕಾನೂನು ಮಾಡಿದ್ದರು. 1993ರ ಕಾನೂನು ಬಂದ ಮೇಲೆ ತಂದೆ-ತಾಯಿ ಇಷ್ಟದ ಹೆಸರಿಡಬಹುದು. ಆದರೆ ಮಗುವಿಗೆ ತೊಂದರೆಯಾಗುವಂಥ ಹೆಸರನ್ನು ಕೋರ್ಟು ಈಗಲೂ ಒಪ್ಪೋದಿಲ್ಲ. ಮಗಳಿಗೆ ‘ನುಟೆಲ್ಲಾ’ ಅಂತ ಹೆಸರಿಟ್ಟ ದಂಪತಿಯ ಪ್ರಕರಣ 2015ರಲ್ಲಿ ಸುದ್ದಿಯಾಗಿತ್ತು. ಕೋರ್ಟು ಅದನ್ನು ‘ಎಲ್ಲಾ’ ಅಂತ ಬದಲಿಸಿತು!

ಅಜ್ಜಿಯರಿಗೊಂದು ಸಮಾಧಾನದ ಸಂಗತಿ ಇದೆ. ಫ್ರಾನ್ಸಿನ ಜನನ ಪತ್ರದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಬರೆಸಬಹುದು. ಅದರಲ್ಲಿ ಯಾವುದನ್ನು ಬೇಕಾದರೂ ಮಗಳು ಮುಂದೆ ಬಳಸಿಕೊಳ್ಳಬಹುದು. ಮೊದಲನೆಯದು ಫ್ರೆಂಚ್ ಇರಲಿ, ಎರಡನೆಯದಕ್ಕೆ ನಿಮ್ಮ ಮನೆಯ ಹೆಸರೊಂದನ್ನು ಪ್ರೀತಿಯಿಂದ ಕೇಳಿ ನೋಡಿ. ಕೇಳಿ ಅಷ್ಟೇ, ಹಠ ಬೇಡ. ಕೊನೆಯ ಮಾತು ಅಪ್ಪ-ಅಮ್ಮನದೇ.

ಇಷ್ಟು ಮಾಡಿ

* ಪಟ್ಟಿಯನ್ನು ಐದು ಹೆಸರಿಗೆ ಇಳಿಸಿ. ಪ್ರತಿಯೊಂದನ್ನೂ ಕನ್ನಡದಲ್ಲಿ ಎರಡು ರೀತಿ ಬರೆಯಿರಿ.
* ಒಬ್ಬ ಫ್ರೆಂಚರಿಂದ, ಒಬ್ಬ ಇಂಗ್ಲಿಷರಿಂದ ಓದಿಸಿ. ನೀವು ಮೊದಲೇ ಹೇಳಿಕೊಡಬೇಡಿ.
* ಅಪ್ಪನ ಮನೆತನದ ಹೆಸರಿನ ಜೊತೆ ಸೇರಿಸಿ ಹೇಳಿ ನೋಡಿ.
* ಮೊಟಕು ಮಾಡಿದರೆ ಏನಾಗುತ್ತೆ ಅಂತಲೂ ಯೋಚಿಸಿ. ಮಕ್ಕಳು ಮೊಟಕು ಮಾಡಿಯೇ ಮಾಡುತ್ತಾರೆ.
* ಜೋರಾಗಿ ಕೂಗಿ ಕರೆಯಿರಿ. ದಿನಾ ಕರೆಯೋರು ನೀವೇ ತಾನೇ?

ಗೆಳತಿ ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಪಟ್ಟಿ ಕ್ಲೇರ್, ಅಲೀಸ್, ರೋಜ್‌ಗೆ ಬಂದು ನಿಂತಿದೆಯಂತೆ. ಎರಡನೇ ಹೆಸರು ಅವಳ ಅಮ್ಮನದು ಅಂತ ಮಗಳೇ ಹೇಳಿದಳಂತೆ. ಇವಳು ದಿನಾ ಸಂಜೆ ಬಾಲ್ಕನಿಯಲ್ಲಿ ನಿಂತು ಮೂರೂ ಹೆಸರು ಕರೆದು ಅಭ್ಯಾಸ ಮಾಡುತ್ತಿದ್ದಾಳೆ. ‘ನಿಮ್ಮನೆಗೆ ಯಾರು ಬಂದಿದ್ದಾರೆ?’ ಅಂತ ಪಕ್ಕದ ಮನೆಯವರು ಕೇಳಿದರಂತೆ.

‘ಇನ್ನೂ ಬಂದಿಲ್ಲ, ಬರ್ತಾಳೆ’ ಅಂದಳಂತೆ.