ಮಾಹಿತಿಯ ಕಾಲುವೆಗಳು

ಕೃಷ್ಣೆಯ ನೀರು ಜಲಾಶಯದಲ್ಲಿ ತುಂಬಿದ ಮಾತ್ರಕ್ಕೆ ಇಂಡಿ, ಸಿಂದಗಿಗಳ ಹೊಲ ತಣಿಯುವುದಿಲ್ಲ. ಅದು ಮುಖ್ಯ ಕಾಲುವೆ, ಶಾಖಾ ಕಾಲುವೆ, ಹೊಲಗಾಲುವೆಗಳಲ್ಲಿ ಹರಿದು ಬರಬೇಕು. ಸಂಶೋಧನೆಯ ಮಾಹಿತಿಯ ಹರಿವೂ ಇಂಥದೇ.

1986ರಲ್ಲಿ ಭಾರತ ಸರ್ಕಾರವು 'ಅರ್ನೆಟ್' ಎಂಬ ಶಿಕ್ಷಣ ಮತ್ತು ಸಂಶೋಧನಾ ಗಣಕಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಮೊದಲ ಎಂಟು ಕೇಂದ್ರಗಳಲ್ಲೊಂದು. 1989ರಲ್ಲಿ ಅದನ್ನು ಅಮೆರಿಕದೊಡನೆ ಜೋಡಿಸಿದ ಸಂಪರ್ಕದಲ್ಲಿ ಸೆಕೆಂಡಿಗೆ 9,600 ಬಿಟ್‌ಗಳು ಮಾತ್ರ ಹರಿಯುತ್ತಿದ್ದವು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಸಂಕೇತ. ರೋಗ ತಗುಲಿದ ನಿಂಬೆ ಎಲೆಯ ಸ್ಪಷ್ಟವಾದ ಛಾಯಾಚಿತ್ರದಲ್ಲಿ ಇಂದು ನಾಲ್ಕು ಕೋಟಿ ಬಿಟ್‌ಗಳಿರಬಹುದು. ಅಂದಿನ ಸಂಪರ್ಕದಲ್ಲಿ ಅದು ಸಾಗಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು! 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನ ಜಾಲದ ಗಾಜಿನ ಎಳೆಗಳಲ್ಲಾದರೋ ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳು ಬೆಳಕಿನ ರೂಪದಲ್ಲಿ ಹರಿಯಬಲ್ಲವು.

ಈ ಮುಖ್ಯ ಕಾಲುವೆಯು ವಿಶ್ವವಿದ್ಯಾಲಯಗಳನ್ನು ಜೋಡಿಸಿತು. ಹಳ್ಳಿಗಳಿಗಾಗಿ 2011ರಲ್ಲಿ ಒಪ್ಪಿಗೆ ಪಡೆದ ಯೋಜನೆಯು ಮುಂದೆ 'ಭಾರತ್‌ನೆಟ್' ಎನಿಸಿತು. ಗ್ರಾಮ ಪಂಚಾಯಿತಿಗೆ ಸೆಕೆಂಡಿಗೆ ಹತ್ತು ಕೋಟಿ ಬಿಟ್‌ಗಳನ್ನು ಮುಟ್ಟಿಸುವುದು ಅದರ ಗುರಿ. ಆ ವೇಗ ದೊರೆತರೆ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯ ಹಳ್ಳಿಯಿಂದ ಅದೇ ಚಿತ್ರವು ಧಾರವಾಡದ ಕೃಷಿ ವಿಶ್ವವಿದ್ಯಾಲಯದತ್ತ ಅರ್ಧ ಸೆಕೆಂಡಿನೊಳಗೆ ಹೊರಟುಬಿಡುತ್ತದೆ. ಜಾಲದ ಮುಂದಿನ ಕೆಲಸವೆಲ್ಲ ಈ ಕೊನೆಯ ಹೊಲಗಾಲುವೆಯಲ್ಲಿದೆ. ರಸ್ತೆ ಅಗೆಯುವಾಗ ಗಾಜಿನ ಎಳೆ ತುಂಡಾದರೆ, ವಿದ್ಯುತ್ತು ಕೈಕೊಟ್ಟರೆ, ರೈತನು ರೋಗದ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಬೇಕಾಗುತ್ತದೆ.