ತಡೆಯೋನು ಬೇಕು, ಎಸೆಯೋಕೂ ಬರಬೇಕು

ಬ್ಯಾಸ್ಕೆಟ್‌ಬಾಲ್ ತಂಡ ಆರಿಸುವಾಗ ನಮ್ಮೂರಲ್ಲಿ ಕೇಳೋದು ಒಂದೇ ಪ್ರಶ್ನೆ: ಹುಡುಗ ಎಷ್ಟು ಪಾಯಿಂಟ್ ಹಾಕ್ತಾನೆ? ಎದುರಾಳಿಯನ್ನು ದೂರದಲ್ಲೇ ತಡೆಯುವವನನ್ನು ಕೇಳೋರಿಲ್ಲ.

ಅಮೆರಿಕದ ಸ್ಪರ್ಸ್ ತಂಡದಲ್ಲಿ ಬ್ರೂಸ್ ಬೋವೆನ್‌ಗೆ ಅದೇ ಕಸುಬು. 2007ರ ಫೈನಲ್‌ನಲ್ಲಿ ಲೆಬ್ರಾನ್ ಜೇಮ್ಸ್‌ನನ್ನು ಕಾಯುವ ಮುಖ್ಯ ಹೊಣೆ ಅವನದು. ಲೆಬ್ರಾನ್ ಎಸೆತಗಳಲ್ಲಿ ಬುಟ್ಟಿ ಸೇರಿದ್ದು ಶೇಕಡಾ 36ಕ್ಕೂ ಕಡಿಮೆ; ಸ್ಪರ್ಸ್ 4-0 ಗೆಲುವು.

ಹಾಗಂತ ಕಾವಲೊಂದೇ ಸಾಕೆ? ಸಾಲದು ಸ್ವಾಮಿ! ಮೆಂಫಿಸ್‌ನ ಟೋನಿ ಆ್ಯಲನ್ ಕಾವಲಿಗೆ ಹುಲಿ, ದೂರದ ಎಸೆತಕ್ಕೆ ಇಲಿ. 2015ರಲ್ಲಿ ಗೋಲ್ಡನ್ ಸ್ಟೇಟ್‌ನವರು ಅವನನ್ನು ಕಾಯದೆ ಬಿಟ್ಟು, ಬುಟ್ಟಿಯ ಬುಡಕ್ಕೆ ಜನ ಹಾಕಿದರು. ಮೆಂಫಿಸ್ ಸರಣಿಯನ್ನೇ ಸೋತಿತು. ಬೋವೆನ್ ಹಾಗಲ್ಲ, ಮೂಲೆಯಿಂದ ಮೂರು ಪಾಯಿಂಟ್ ಹಾಕುತ್ತಿದ್ದ.

ಆಯ್ಕೆದಾರರೇ, ಕಾವಲುಗಾರ ಬೇಕೇ ಬೇಕು. ಆದರೆ ಅವನಿಗೂ ಒಂದು ಎಸೆತ ಕಲಿಸಿ ಕಣದಕ್ಕಿಳಿಸಿ; ಇಲ್ಲದಿದ್ದರೆ ನೀವು ಆಡೋದು ನಾಲ್ಕೇ ಜನ.