ಆಟದ ಯಂತ್ರವು ನೆನಪು ಕಳೆದುಕೊಂಡಾಗ

ಕಳೆದ ವರ್ಷದ ಒಂದು ಸಂಜೆ, ತರಗತಿಗಳೆಲ್ಲ ಮುಗಿದ ಮೇಲೆ, ನಮ್ಮ ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಂತನು. ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಚಿಕ್ಕ ಲೋಹದ ಪೆಟ್ಟಿಗೆಯು ಅವನ ಕೈಯಲ್ಲಿತ್ತು. ಇಸ್ಪೀಟಿನ ಎಲೆಗಿಂತ ತುಸು ದೊಡ್ಡದು. ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ.

“ಸರ್, ಇದು ನಮ್ಮ ಮನೆಯ ವಿಡಿಯೋ ಗೇಮ್ ಯಂತ್ರದ ಹಾರ್ಡ್ ಡಿಸ್ಕ್. ಕೆಟ್ಟುಹೋಗಿದೆ. ಮುಚ್ಚಳ ಬಿಚ್ಚಿ, ಒಳಗಿನ ತಟ್ಟೆಯನ್ನು ತೆಗೆದು ಬೇರೊಂದು ಡಿಸ್ಕಿನಲ್ಲಿ ಕೂರಿಸಿದರೆ ಇದರಲ್ಲಿದ್ದುದು ಮತ್ತೆ ಸಿಗುವುದಿಲ್ಲವೇ?” ಎಂದು ಕೇಳಿದನು.

ಯಂತ್ರವನ್ನು ತಯಾರಿಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ತಿರುಗುವ ಭಾಗವುಳ್ಳ ಯಾವ ಯಂತ್ರಕ್ಕೂ ಸವೆತವು ತಪ್ಪಿದ್ದಲ್ಲ. ಅಂಗಡಿಯವರು ಹೊಸ ಯಂತ್ರವನ್ನೇ ಕೊಳ್ಳುವಂತೆ ಹೇಳಿದ್ದರಂತೆ. ಆದರೆ ಹುಡುಗನ ಚಿಂತೆ ಹಣದ್ದು ಮಾತ್ರವಾಗಿರಲಿಲ್ಲ. ಅವನೂ ಅವನ ಅಕ್ಕನೂ ಸೇರಿ ಆ ಆಟದೊಳಗೆ ಮೂರು ವರ್ಷಗಳ ಕಾಲ ಒಂದು ಊರನ್ನು ಕಟ್ಟಿದ್ದರು: ಬೀದಿ, ಸೇತುವೆ, ಕೆರೆ, ಎಲ್ಲವನ್ನೂ. ಅಕ್ಕ ಈಗ ಉದ್ಯೋಗಕ್ಕಾಗಿ ಪರಊರಿನಲ್ಲಿದ್ದಾಳೆ. ಆ ಊರು ಇದ್ದುದು ಈ ಪೆಟ್ಟಿಗೆಯಲ್ಲಿ ಮಾತ್ರ.

ಅವನ ಪ್ರಶ್ನೆಯಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳಿವೆ. ಯಂತ್ರವನ್ನು ಮತ್ತೆ ಬದುಕಿಸಬಹುದೇ? ಅದರಲ್ಲಿದ್ದ ಬರಹವನ್ನು ಮರಳಿ ಪಡೆಯಬಹುದೇ? ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ‘ಹೌದು’. ಎರಡನೆಯದಕ್ಕೆ ಬಹುಮಟ್ಟಿಗೆ ‘ಇಲ್ಲ’. ಈ ಭೇದವೇಕೆಂಬುದನ್ನು ತಿಳಿಯಬೇಕಾದರೆ ಪೆಟ್ಟಿಗೆಯ ಒಳಗೇನಿದೆಯೆಂಬುದನ್ನು ನೋಡಬೇಕು.

ತಟ್ಟೆಯ ಮೇಲಿನ ಬರಹ

ಹಾರ್ಡ್ ಡಿಸ್ಕ್ ಮೊದಲು ಮಾರುಕಟ್ಟೆಗೆ ಬಂದುದು 1956ರಲ್ಲಿ, ಅಮೆರಿಕದ ಐಬಿಎಂ ಸಂಸ್ಥೆಯ ರಾಮ್ಯಾಕ್ ಎಂಬ ಗಣಕಯಂತ್ರದೊಡನೆ. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಒಂದು ಟನ್ನಿನಷ್ಟು ತೂಕದ ಆ ಉಪಕರಣದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಲ್ಲಿ ಅಡಗುವ 500 ಗಿಗಾಬೈಟ್ ಡಿಸ್ಕು ಅದರ ಲಕ್ಷ ಪಟ್ಟು ಬರಹವನ್ನು ಹೊರಬಲ್ಲುದು. ಗಾತ್ರವು ಎಷ್ಟೇ ಕುಗ್ಗಿದ್ದರೂ ಮೂಲ ತತ್ತ್ವ ಮಾತ್ರ ಬದಲಾಗಿಲ್ಲ.

ಗಾಜಿನ ಅಥವಾ ಅಲ್ಯೂಮಿನಿಯಮ್ಮಿನ ನುಣುಪಾದ ತಟ್ಟೆಯ ಮೇಲೆ ಅತಿ ತೆಳುವಾದ ಕಾಂತೀಯ ಲೇಪವಿರುತ್ತದೆ. ಈ ಲೇಪವು ಅಸಂಖ್ಯ ಸೂಕ್ಷ್ಮ ಅಯಸ್ಕಾಂತಗಳ ಹಾಸು ಎಂದು ಭಾವಿಸಿರಿ. ಅವುಗಳ ಧ್ರುವಗಳನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ತಿರುಗಿಸಬಹುದು. ದಿಕ್ಕು ಬದಲಾಯಿತೇ ಇಲ್ಲವೇ ಎಂಬುದರಿಂದಲೇ 1 ಮತ್ತು 0 ಎಂಬ ಎರಡು ಅಂಕೆಗಳ ಸಮಸ್ತ ಬರಹವೂ ಸಾಧ್ಯವಾಗುವುದು. ಬರೆಯುವ ಕೆಲಸವನ್ನು ‘ಹೆಡ್’ ಎಂಬ ಭಾಗದಲ್ಲಿರುವ ಪುಟ್ಟ ವಿದ್ಯುತ್ಕಾಂತವು ಮಾಡುತ್ತದೆ.

ಓದುವ ಕೆಲಸವು ಇನ್ನೂ ಸೂಕ್ಷ್ಮವಾದುದು. ಕೆಲವು ಲೋಹಗಳ ತೆಳುಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ, ಅತ್ಯಲ್ಪ ಕಾಂತಕ್ಷೇತ್ರವಿದ್ದರೂ ಅವುಗಳ ವಿದ್ಯುತ್ ರೋಧವು ಬಹಳವಾಗಿ ಬದಲಾಗುತ್ತದೆಂಬುದನ್ನು 1988ರಲ್ಲಿ ಫ್ರಾನ್ಸಿನ ಆಲ್ಬೇರ್ ಫೇರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಪ್ರತ್ಯೇಕವಾಗಿ ಕಂಡುಹಿಡಿದರು. ಹತ್ತು ವರ್ಷಗಳೊಳಗಾಗಿ ಈ ತತ್ತ್ವವು ಡಿಸ್ಕಿನ ಹೆಡ್ಡುಗಳಿಗೆ ಬಂದಿತು. 2007ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಇವರಿಬ್ಬರಿಗೆ ದೊರೆಯಿತು. ಇಂದಿನ ಹೆಡ್ಡುಗಳು ಈ ತತ್ತ್ವದ ಬಳಿಯ ನೆಂಟನೆನ್ನಬಹುದಾದ ಇನ್ನೊಂದು ಪರಿಣಾಮವನ್ನು ಬಳಸುತ್ತವೆ.

ಹೆಡ್ಡನ್ನು ಬೇಕಾದ ಜಾಡಿಗೆ ಒಯ್ಯುವ ತೋಳನ್ನು ಆಡಿಸುವುದು ಯಾವುದು? ಪ್ರಬಲ ಅಯಸ್ಕಾಂತದ ನಡುವೆ ಇರಿಸಿದ ಒಂದು ತಂತಿಸುರುಳಿ. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದರ ಮೇಲೆ ಬಲವುಂಟಾಗಿ ತೋಳು ಸರಿಯುತ್ತದೆ. ಎಡಗೈಯ ಮೂರು ಬೆರಳುಗಳನ್ನು ನೆಟ್ಟಗೆ ಹಿಡಿದು ಪ್ರೌಢಶಾಲೆಯಲ್ಲಿ ಕಲಿತ ಫ್ಲೆಮಿಂಗನ ನಿಯಮವೇ ಇಲ್ಲಿಯೂ ಆಳುತ್ತಿದೆ.

ನೆಲಕ್ಕೆ ತಾಗದ ಹಾರಾಟ

ಈಗ ಸ್ವಲ್ಪ ಲೆಕ್ಕ ಹಾಕೋಣ. ಆಟದ ಯಂತ್ರಗಳ 2.5 ಅಂಗುಲದ ಡಿಸ್ಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ತಟ್ಟೆಯ ವ್ಯಾಸ ಸುಮಾರು 65 ಮಿಲಿಮೀಟರು; ಆದುದರಿಂದ ಸುತ್ತಳತೆ ಸುಮಾರು 20 ಸೆಂಟಿಮೀಟರು. ಅಂಚಿನ ಒಂದು ಬಿಂದುವು ಸೆಕೆಂಡಿಗೆ ಸುಮಾರು 18 ಮೀಟರು, ಎಂದರೆ ಗಂಟೆಗೆ 65 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಹೆದ್ದಾರಿಯಲ್ಲಿ ಹೋಗುವ ಬಸ್ಸಿನ ವೇಗವಿದು!

ಇಷ್ಟು ವೇಗದ ತಟ್ಟೆಗೆ ಹೆಡ್ಡು ತಾಗಿದರೆ ಲೇಪವು ಕಿತ್ತುಹೋಗದೆ ಇರದು. ತಾಗದಂತೆ ತಡೆಯುವುದು ಗಾಳಿ. ತಟ್ಟೆಯೊಡನೆ ಸುತ್ತುವ ಗಾಳಿಯು ಹೆಡ್ಡಿನ ಕೆಳಗೆ ಮೆತ್ತೆಯಾಗಿ ನಿಂತು ಅದನ್ನು ಎತ್ತಿ ಹಿಡಿಯುತ್ತದೆ. ಎಷ್ಟು ಎತ್ತರದಲ್ಲಿ? ಕೆಲವೇ ನ್ಯಾನೊಮೀಟರುಗಳಷ್ಟು, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವು ಭಾಗ ಮಾತ್ರ. ನಮ್ಮ ತಲೆಗೂದಲಿನ ದಪ್ಪವು ಇದರ ಹತ್ತು ಸಾವಿರ ಪಟ್ಟಿನಷ್ಟಿದೆ. ಹೆಡ್ಡನ್ನು ಹೊತ್ತ ತುಣುಕು ಸುಮಾರು ಒಂದು ಮಿಲಿಮೀಟರು ಉದ್ದವಿರುತ್ತದೆ. ಅದನ್ನು 70 ಮೀಟರು ಉದ್ದದ ವಿಮಾನವೆಂದು ಕಲ್ಪಿಸಿದರೆ, ಆ ವಿಮಾನವು ನೆಲದಿಂದ ಅರ್ಧ ಮಿಲಿಮೀಟರಿಗೂ ಕಡಿಮೆ ಎತ್ತರದಲ್ಲಿ, ನೆಲವನ್ನು ಮುಟ್ಟದೆ, ವರ್ಷಗಟ್ಟಲೆ ಹಾರುತ್ತಿರಬೇಕಾಗುವುದು.

ಹುಡುಗನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ನಾವು ಕುಳಿತ ಕೋಣೆಯ ಗಾಳಿಯಲ್ಲಿ ತೇಲುವ ಧೂಳಿನ ಕಣವು ಈ ಅಂತರದ ನೂರಾರು ಪಟ್ಟು ದೊಡ್ಡದು. ಮುಚ್ಚಳ ತೆಗೆದ ಕ್ಷಣದಿಂದಲೇ ಹೆಡ್ಡಿನ ಹಾದಿಯಲ್ಲಿ ಬಂಡೆಗಳು ಬಂದು ಬೀಳುತ್ತವೆ. ಮೇಲಾಗಿ ಒಂದು ಮಿಲಿಮೀಟರಿನ ಅಗಲದಲ್ಲಿ ಸಾವಿರಾರು ಜಾಡುಗಳಿರುವುದರಿಂದ, ಕೈಯಿಂದ ತೆಗೆದಿಟ್ಟ ತಟ್ಟೆಯ ಕೇಂದ್ರವು ಮೊದಲಿನ ಸ್ಥಳದಲ್ಲಿಯೇ ಕೂರುವುದು ಅಸಂಭವ. ಧೂಳಿಲ್ಲದ ವಿಶೇಷ ಕೊಠಡಿಗಳಲ್ಲಿ ನುರಿತವರು ಇಂತಹ ಕೆಲಸವನ್ನು ಮಾಡುವುದುಂಟು. ಆದರೆ ಅದಕ್ಕೆ ತಗಲುವ ವೆಚ್ಚವು ಯಂತ್ರದ ಬೆಲೆಯನ್ನೂ ಮೀರಬಹುದು.

ಇನ್ನೊಂದು ತೊಡಕೂ ಉಂಟು. ಅನೇಕ ಆಟದ ಯಂತ್ರಗಳು ಡಿಸ್ಕಿನ ಮೇಲೆ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತವೆ. ಅದರ ಕೀಲಿಯು ಆಯಾ ಯಂತ್ರದೊಳಗೇ ಇರುತ್ತದೆ. ತಟ್ಟೆಯು ಚೆನ್ನಾಗಿದ್ದರೂ ಅದನ್ನು ಬೇರೆ ಗಣಕಕ್ಕೆ ಜೋಡಿಸಿದರೆ ಅರ್ಥವಿಲ್ಲದ ಅಂಕೆಗಳ ರಾಶಿಯಷ್ಟೇ ಕಾಣುವುದು.

ಮುನ್ಸೂಚನೆಗಳು

ಡಿಸ್ಕು ಒಮ್ಮೆಗೇ ಸಾಯುವುದೂ ಉಂಟು. ಆದರೆ ಅನೇಕ ವೇಳೆ ಮೊದಲೇ ಸೂಚನೆ ಕೊಡುತ್ತದೆ. ಆಟವು ನಡುನಡುವೆ ಸ್ತಬ್ಧವಾಗುವುದು, ಹಿಂದೆ ಬೇಗನೆ ತೆರೆಯುತ್ತಿದ್ದುದು ಈಗ ಬಹಳ ತಡವಾಗುವುದು, ದಾಖಲೆ ಹಾಳಾಗಿದೆಯೆಂಬ ಸಂದೇಶ ಪದೇ ಪದೇ ಬರುವುದು, ಎಲ್ಲಕ್ಕಿಂತ ಮಿಗಿಲಾಗಿ ‘ಟಿಕ್ ಟಿಕ್’ ಎಂಬ ಸದ್ದು: ಇವು ಅಂತಹ ಲಕ್ಷಣಗಳು. ಹೆಡ್ಡು ತನ್ನ ಜಾಡನ್ನು ಕಾಣದೆ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಹುಡುಕುವಾಗ ಈ ಸದ್ದು ಹುಟ್ಟುತ್ತದೆ. ತಟ್ಟೆಯ ಕೆಲವು ತಾಣಗಳು ಕೆಟ್ಟರೆ ಡಿಸ್ಕು ತಾನೇ ಅವನ್ನು ಬಿಟ್ಟು, ಮೊದಲೇ ಕಾದಿರಿಸಿದ ತಾಣಗಳನ್ನು ಬಳಸಿಕೊಳ್ಳುತ್ತದೆ. ಆ ಮೀಸಲೂ ಮುಗಿದ ಮೇಲೆ ಅದರ ಆಟ ನಡೆಯದು.

ಲಕ್ಷಣ ಕಂಡ ದಿನವೇ ಉಳಿಸಿದ ಆಟದ ದಾಖಲೆಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ನಾಳೆ ನೋಡೋಣವೆಂದರೆ ನಾಳೆ ಡಿಸ್ಕು ಇಲ್ಲದಿರಬಹುದು.

ಹೊಸ ಡಿಸ್ಕಿನ ಜೋಡಣೆ

ಎಲ್ಲ ಯಂತ್ರಗಳೂ ಒಡೆಯನಿಗೆ ಒಂದೇ ರೀತಿ ಬಾಗಿಲು ತೆರೆಯುವುದಿಲ್ಲ. 2001ರಲ್ಲಿ ಬಂದ ಮೈಕ್ರೋಸಾಫ್ಟಿನ ಮೊದಲ ಎಕ್ಸ್‌ಬಾಕ್ಸಿನಲ್ಲಿ ಡಿಸ್ಕಿಗೆ ಗುಪ್ತಪದದ ಬೀಗ ಹಾಕಲಾಗಿತ್ತು. ಅಂಗಡಿಯಿಂದ ತಂದ ಬೇರೆ ಡಿಸ್ಕನ್ನು ಅದು ಸುಮ್ಮನೆ ಒಪ್ಪುತ್ತಿರಲಿಲ್ಲ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 3 (2006) ಮತ್ತು ಪ್ಲೇಸ್ಟೇಷನ್ 4 (2013) ಇದಕ್ಕೆ ವ್ಯತಿರಿಕ್ತ. ಗಣಕಗಳಲ್ಲಿ ಬಳಸುವ ಸಾಧಾರಣ ಡಿಸ್ಕನ್ನೇ ಇವುಗಳಲ್ಲಿ ಹಾಕಬಹುದು; ವಿಧಾನವನ್ನು ತಯಾರಕರೇ ವಿವರಿಸಿದ್ದಾರೆ. ಪ್ಲೇಸ್ಟೇಷನ್ 4ರ ಮೊದಲ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಹೊಸ ಡಿಸ್ಕು 2.5 ಅಂಗುಲದ ಸಾಟಾ ಜಾತಿಯದಾಗಿರಬೇಕು, ದಪ್ಪ 9.5 ಮಿಲಿಮೀಟರನ್ನು ಮೀರಬಾರದು. ಧಾರಣಶಕ್ತಿ 160 ಗಿಗಾಬೈಟಿಗೆ ಕಡಿಮೆಯಿರಬಾರದು. ಕೊಳ್ಳುವಾಗ ದಪ್ಪವನ್ನು ನೋಡದೆ ತಂದು ಪೇಚಾಡಿದವರುಂಟು.

ಯಂತ್ರವನ್ನು ಪೂರ್ತಿಯಾಗಿ ಆರಿಸಿ ಎಲ್ಲ ತಂತಿಗಳನ್ನೂ ಕಳಚಬೇಕು. ಕೆಲಸಕ್ಕೆ ಮುಂಚೆ ಭೂಸಂಪರ್ಕವುಳ್ಳ ಲೋಹದ ವಸ್ತುವೊಂದನ್ನು ಮುಟ್ಟುವುದು ಒಳ್ಳೆಯದು. ಒಣ ಹವೆಯಲ್ಲಿ ಮೈಮೇಲೆ ಸಂಗ್ರಹವಾಗುವ ಸ್ಥಿರವಿದ್ಯುತ್ತು ಸೂಕ್ಷ್ಮ ಮಂಡಲಗಳನ್ನು ಕೆಡಿಸಬಲ್ಲುದು. ಯಂತ್ರದ ಮೇಲ್ಭಾಗದ ಹೊಳೆಯುವ ಹೊದಿಕೆಯನ್ನು ಹೊರಮುಖವಾಗಿ ಸರಿಸಿದರೆ ಅದು ಬಿಟ್ಟು ಬರುತ್ತದೆ. ಅಲ್ಲಿ ತ್ರಿಕೋನ, ವೃತ್ತ, ಗುಣಿಸು ಗುರುತು, ಚೌಕ ಈ ನಾಲ್ಕು ಚಿಹ್ನೆಗಳುಳ್ಳ ಒಂದೇ ಒಂದು ಸ್ಕ್ರೂ ಕಾಣುವುದು. ಅದನ್ನು ತೆಗೆದು ಡಿಸ್ಕಿನ ಚೌಕಟ್ಟನ್ನು ನೇರವಾಗಿ ಎಳೆಯಬೇಕು. ಚೌಕಟ್ಟಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಹಳೆಯದರ ಜಾಗದಲ್ಲಿ ಹೊಸದನ್ನು ಅದೇ ದಿಕ್ಕಿನಲ್ಲಿ ಕೂರಿಸಿ, ತೆಗೆದ ಕ್ರಮಕ್ಕೆ ವಿಲೋಮವಾಗಿ ಮುಚ್ಚಿದರೆ ಕೈಕೆಲಸ ಮುಗಿಯಿತು.

ಆದರೆ ಹೊಸ ಡಿಸ್ಕು ಬರಿದಾದ ಹಲಗೆಯಂತೆ. ಯಂತ್ರವನ್ನು ನಡೆಸುವ ಆದೇಶಗಳನ್ನು ಅದರ ಮೇಲೆ ಬರೆಯಬೇಕು. ಅದಕ್ಕಾಗಿ ಸೋನಿಯ ತಾಣದಿಂದ, ಕೇವಲ ಸುಧಾರಣೆಯ ಕಡತವನ್ನಲ್ಲ, ಮರುಸ್ಥಾಪನೆಯ ಪೂರ್ಣ ಕಡತವನ್ನೇ ಇಳಿಸಿಕೊಳ್ಳಬೇಕು. ಎರಡಕ್ಕೂ ಹೆಸರು ಒಂದೇ ಆದುದರಿಂದ ಇಲ್ಲಿ ತಪ್ಪುವವರು ಬಹಳ. ಪೆನ್‌ಡ್ರೈವಿನಲ್ಲಿ ‘ಪಿಎಸ್4’ ಎಂಬ ಕೋಶ, ಅದರೊಳಗೆ ‘ಅಪ್‌ಡೇಟ್’ ಎಂಬ ಕೋಶ. ಎರಡರ ಹೆಸರೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರಬೇಕು. ಕಡತವನ್ನು ಎರಡನೆಯದರಲ್ಲಿ ಇರಿಸಬೇಕು. ಬಳಿಕ ವಿದ್ಯುತ್ ಗುಂಡಿಯನ್ನು ಸುಮಾರು ಏಳು ಸೆಕೆಂಡು, ಎರಡನೆಯ ಬೀಪ್ ಸದ್ದು ಕೇಳುವವರೆಗೆ ಒತ್ತಿ ಹಿಡಿದರೆ ‘ಸೇಫ್ ಮೋಡ್’ ತೆರೆಯುವುದು. ಆಟದ ಕೈಪಿಡಿಕೆಯನ್ನು ತಂತಿಯಿಂದಲೇ ಜೋಡಿಸಿ, ಏಳನೆಯ ಆಯ್ಕೆಯಾದ ಮರುಸ್ಥಾಪನೆಯನ್ನು ಆರಿಸಬೇಕು. ಈ ಆಯ್ಕೆಯು ಡಿಸ್ಕಿನಲ್ಲಿರುವುದೆಲ್ಲವನ್ನೂ ಅಳಿಸುತ್ತದೆಂಬುದನ್ನು ಮರೆಯಬಾರದು.

ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನೂ ಇದೇ ಜಾಗದಲ್ಲಿ ಹಾಕಬಹುದು. ಅದರಲ್ಲಿ ಬರಹವು ಅವಾಹಕ ಪದರಗಳ ನಡುವೆ ಸೆರೆಯಾದ ಇಲೆಕ್ಟ್ರಾನುಗಳ ರೂಪದಲ್ಲಿರುತ್ತದೆ. ಅದಕ್ಕೆ ಬೀಳುವ ಭಯ ಕಡಿಮೆ. ಆದರೆ ಬರೆದು ಅಳಿಸುವ ಸಲಗಳಿಗೆ ಅಲ್ಲಿಯೂ ಮಿತಿಯುಂಟು. 2020ರ ಪ್ಲೇಸ್ಟೇಷನ್ 5ರಲ್ಲಿ ಮೂಲ ಸಂಗ್ರಹದ ಚಿಪ್ಪುಗಳನ್ನು ಮುಖ್ಯ ಫಲಕಕ್ಕೇ ಬೆಸೆದಿದ್ದಾರೆ. ಹೆಚ್ಚುವರಿ ಸಂಗ್ರಹವನ್ನು ಸೇರಿಸಲು ಬೇರೆ ಕಿಂಡಿಯಿದ್ದರೂ, ಬೆಸೆದ ಭಾಗವು ಕೆಟ್ಟರೆ ಒಂದು ಸ್ಕ್ರೂ ಬಿಚ್ಚಿ ಬದಲಿಸುವಂತಿಲ್ಲ. ವೇಗವು ಹೆಚ್ಚಿತು, ದುರಸ್ತಿಯ ಸೌಲಭ್ಯವು ಕುಗ್ಗಿತು. ಯಂತ್ರವನ್ನು ಕೊಳ್ಳುವವರು ಈ ಎರಡನ್ನೂ ತೂಗಿ ನೋಡಬೇಕು.

ಉಳಿದುದು ಮತ್ತು ಅಳಿದುದು

ಹುಡುಗನ ಯಂತ್ರಕ್ಕೆ ಹೊಸ ಡಿಸ್ಕು ಬಂದಿತು. ಹೊಸ ಯಂತ್ರದ ಬೆಲೆಯ ಸಣ್ಣ ಅಂಶದಲ್ಲಿಯೇ ಅದು ಮತ್ತೆ ನಡೆಯತೊಡಗಿತು. ಕೊಂಡ ಆಟಗಳನ್ನು ಪುನಃ ಇಳಿಸಿಕೊಳ್ಳಲು ಸಾಧ್ಯವಾಯಿತು. ಊರು ಮಾತ್ರ ಬರಲಿಲ್ಲ. ಅದರ ನಕಲು ಎಲ್ಲಿಯೂ ಇರಲಿಲ್ಲ.

ಹಳೆಯ ಡಿಸ್ಕನ್ನು ಅವನು ನಮ್ಮ ಪ್ರಯೋಗಶಾಲೆಗೆ ಕೊಟ್ಟನು. ಅದರ ಮುಚ್ಚಳವನ್ನು ನಾವಿಬ್ಬರೂ ಸೇರಿ ತೆಗೆದೆವು. ಕನ್ನಡಿಯಂತಹ ತಟ್ಟೆಯ ಅಂಚಿನ ಬಳಿ ಉಂಗುರದಂತೆ ಒಂದು ಮಸುಕು ಗೆರೆಯಿತ್ತು. ಹೆಡ್ಡು ತಾಗಿ ಲೇಪವನ್ನು ಕೆರೆದಿದ್ದ ಗುರುತು. “ನಮ್ಮ ಕೆರೆ ಇಲ್ಲೆಲ್ಲೋ ಇದ್ದಿರಬೇಕು, ಸರ್” ಎಂದನು. ನಾನು ಏನೂ ಹೇಳಲಿಲ್ಲ.

ಈಗ ಅವನೂ ಅಕ್ಕನೂ ರಜೆಯ ದಿನಗಳಲ್ಲಿ, ಒಬ್ಬರು ಇಲ್ಲಿ ಒಬ್ಬರು ಅಲ್ಲಿ ಕುಳಿತು, ಅಂತರಜಾಲದ ಮೂಲಕ ಇನ್ನೊಂದು ಊರನ್ನು ಕಟ್ಟುತ್ತಿದ್ದಾರೆ. ಪ್ರತಿ ಭಾನುವಾರ ಅದರ ನಕಲೊಂದು ಪೆನ್‌ಡ್ರೈವಿಗೆ ಹೋಗುತ್ತದೆ. ಅವನ ಪ್ರಯೋಗದ ವರದಿಗಳಿಗೂ ಮನೆಯ ಛಾಯಾಚಿತ್ರಗಳಿಗೂ ಈಗ ಇದೇ ನಿಯಮ.

ಕಲ್ಲಿನಲ್ಲಿ ಕೆತ್ತಿದ ಶಾಸನವೂ ಸವೆಯುತ್ತದೆ, ತಾಳೆಯ ಓಲೆಗೂ ಹುಳು ಹತ್ತುತ್ತದೆ. ಹಿಂದಿನವರ ಗ್ರಂಥಗಳು ನಮ್ಮವರೆಗೆ ಬಂದುದು ಓಲೆಯ ಬಲದಿಂದಲ್ಲ. ಓಲೆ ಹಾಳಾಗುವ ಮೊದಲೇ ಪ್ರತಿ ಮಾಡಿದ ಲಿಪಿಕಾರರ ಎಚ್ಚರದಿಂದ. ಕಾಂತೀಯ ತಟ್ಟೆಗೂ ಈ ಮಾತು ಸಲ್ಲುತ್ತದೆ. ಯಂತ್ರದ ಭಾಗವನ್ನು ಅಂಗಡಿಯಿಂದ ತರಬಹುದು. ನಾವು ಬರೆದುದನ್ನು ನಾವೇ ಕಾಯಬೇಕು.